ಹೊಸ್ತಿಲ ಮೇಲಿನ ಪಲ್ಯದ ಡಬ್ಬಿ

ಕಾರ್ತಿಕ ಸೋಮವಾರ, ಬೆಳಗಿನ ಐದೂವರೆ. ಹಾಜರಿದ್ದವರು: ನಾನು, ಕಂಪ್ಲಿಯಿಂದ ಬಂದಿದ್ದ ನನ್ನ ಅಕ್ಕ, ಸೊಸೆ ಗಿರಿಜಾ, ಜೊತೆಗೆ ಹೊಸಪೇಟೆಯ ನಮ್ಮ ಮನೆಯ ಹೊಸ್ತಿಲ ಮೇಲೆ ಒಂದು ಪಲ್ಯದ ಡಬ್ಬಿ. ರೈಲ್ವೆ ನೌಕರಿ ಮುಗಿದು ಎಷ್ಟೋ ವರ್ಷವಾದರೂ ಹೀಗೆ ನಮೂದಿಸದೆ ನನಗೆ ದಿನ ಶುರುವಾಗುವುದಿಲ್ಲ.

ಹೊಸ್ತಿಲ ಮೇಲೆ ಪಾತ್ರೆ ಇಡಬಾರದು. ನನ್ನ ಹೆಂಡತಿ ಇರುವತನಕ ಅಲ್ಲಿ ಅರಿಶಿನ, ಕುಂಕುಮ, ಒಂದು ಹೂವು ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ. ಅದಿರಿನ ಲಾರಿಗಳು ಹೆಚ್ಚಿ ಊರೆಲ್ಲ ಕೆಂಪಾದ ಮೇಲೂ ಆಕೆ ಬೆಳಿಗ್ಗೆ ಸಂಜೆ ಅದನ್ನು ತೊಳೆಯುತ್ತಿದ್ದಳು. ಈಗ ಅಲ್ಲಿ ಡಬ್ಬಿ ಕುಳಿತಿದೆ ಎಂದರೆ ಅದಕ್ಕೆ ಕಾರಣವಿದೆ.

ಗಿರಿಜಾ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಗುತ್ತಿಗೆ ಕೆಲಸಗಾರರಿಗೆ ರೊಟ್ಟಿ, ಪಲ್ಯ ಮಾಡಿ ಪಾಳಿಯ ಬಸ್ಸಿನಲ್ಲಿ ಕಳಿಸುತ್ತಾಳೆ. ರೊಟ್ಟಿ ಬಡಿಯುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಆದರೆ ಉಪ್ಪು ತರಲು ಎದ್ದವಳು ಗೂಡು ಒರೆಸುತ್ತಾಳೆ. ಗೂಡಿನಲ್ಲಿ ಸಿಕ್ಕ ಗುಂಡಿಯನ್ನು ಅಂಗಿಗೆ ಹೊಲಿಯಲು ಕೂರುತ್ತಾಳೆ. ಅಷ್ಟರಲ್ಲಿ ಒಲೆಯ ಮೇಲಿನ ರೊಟ್ಟಿ ಕರಕಲಾಗಿರುತ್ತದೆ. ಬಳ್ಳಾರಿಯ ಡಾಕ್ಟರಮ್ಮ ಇದಕ್ಕೆ ಎ.ಡಿ.ಎಚ್.ಡಿ. ಎಂದು ಹೆಸರು ಹೇಳಿದರು. ಸೋಮಾರಿತನ ಅಲ್ಲ ಎಂದಾಗ ಮಾತ್ರ ನನ್ನ ಕಡೆ ನೋಡಿದರು. ನನ್ನ ಮುಖದಲ್ಲಿ ಏನು ಬರೆದಿತ್ತೋ.

ನಾನು ವೇಳಾಪಟ್ಟಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದೆ. ಅವಳು ಗೌರವದಿಂದಲೇ ಓದಿದಳು. ವಾರದೊಳಗೆ ಅದು ಅವಳ ಕಣ್ಣಿಗೆ ಗೋಡೆಯೇ ಆಗಿಹೋಯಿತು.

"ಮರೆಯೂದಲ್ರಿ ಮಾವಾರ," ಎಂದಳು. "ಎಲ್ಲಾ ಕೆಲ್ಸಾನೂ ಒಮ್ಮೆಗೇ ಕರೀತಾವು. ಯಾವ್ದಕ್ಕ ಓ ಅನ್ಲಿ?"

ಪಲ್ಯ ಮನೆಯಲ್ಲೇ ಉಳಿದು ಬರೀ ರೊಟ್ಟಿ ಬಸ್ಸು ಹತ್ತಿದ್ದು ಒಮ್ಮೆಯಲ್ಲ. ಕೊನೆಗೆ ಕೆಲಸಗಾರರ ಮೇಸ್ತ್ರಿ, ಇನ್ನೊಂದು ಸಲ ಹೀಗಾದರೆ ಪಕ್ಕದ ವಡ್ಡು ಊರಿನ ಖಾನಾವಳಿಗೆ ಹೋಗುತ್ತೇವೆ ಎಂದು ಹೇಳಿ ಕಳಿಸಿದ. ಈ ಬುತ್ತಿಯ ಕೆಲಸ ಗಿರಿಜಾ ತನ್ನ ಕೈಯಾರೆ ಕಟ್ಟಿಕೊಂಡದ್ದು. ಅವಳದು ಅಂತ ಇರುವುದು ಅದೊಂದೇ. ಮರುದಿನದಿಂದ ಪಲ್ಯ ತುಂಬಿದ ಡಬ್ಬಿ ಹೊಸ್ತಿಲ ಮೇಲೆ ಬಂತು. ಅದನ್ನು ಎತ್ತದೆ ಹೊರಗೆ ಹೋಗುವಂತಿಲ್ಲ. ಒಂದು ಹೊತ್ತಿಗೆ ಒಂದೇ ವಸ್ತು, ಇದು ಅವಳ ನಿಯಮ. ನಾನು ನೋಡಿಯೂ ನೋಡದವನಂತೆ ದಾಟುತ್ತಿದ್ದೆ.

ಅಕ್ಕ ಹಾಗಲ್ಲ. "ಹೊಸ್ತಿಲ ಮ್ಯಾಲೆ ಪಾತ್ರಿ ಇಡ್ತಾರೇನೋ? ನಿನ್ನ ಹೆಂಡ್ತಿ ಇದ್ದಿದ್ರ ಏನಂತಿದ್ಲು? ತೆಗಿ."

ಅಕ್ಕನ ಮಾತು ಮೀರಿ ನನಗೆ ಅಭ್ಯಾಸವಿಲ್ಲ. ಬಗ್ಗಿ ಡಬ್ಬಿಯ ಹಿಡಿಕೆಗೆ ಕೈ ಹಾಕಿದೆ. ಹಿಡಿಕೆ ಕೈಗೆ ತಾಕಿದಾಗ ನಮ್ಮ ರೈಲ್ವೆಯ ಒಂಟಿ ಹಳಿಯ ಕಾಲ ನೆನಪಾಯಿತು. ಆಗ ಎಂಥ ಪಳಗಿದ ಡ್ರೈವರನನ್ನೂ ಅವನ ನೆನಪಿನ ಮೇಲೆ ಬಿಡುತ್ತಿರಲಿಲ್ಲ. ಮುಂದಿನ ಹಳಿ ಖಾಲಿಯಿದೆ ಎನ್ನುವ ಗುರುತಾಗಿ, ದೊಡ್ಡ ಬಳೆಗೆ ಕಟ್ಟಿದ ಟೋಕನ್ ಕೈಗೆ ಬಂದರಷ್ಟೇ ಗಾಡಿ ಮುಂದಕ್ಕೆ. ನಾನು ದಿನವೂ ಆ ಬಳೆಯನ್ನು ಎತ್ತಿ ಕೊಟ್ಟು, ಗಾಡಿಗಳು ಸರಿಯಾಗಿ ಓಡುವುದು ನನ್ನ ಶಿಸ್ತಿನಿಂದ ಎಂದುಕೊಂಡಿದ್ದೆ. ಶಿಸ್ತಿನ ಬಹುಪಾಲು ಬಳೆಯದು.

"ಇರ್ಲಿ ಬಿಡಕ್ಕ," ಎಂದೆ. "ಅದು ಆಕಿ ಟೋಕನ್."

ತಿರುವಿನಲ್ಲಿ ಬಸ್ಸು ಹಾರ್ನ್ ಹಾಕಿತು. ಕರಿಬೇವಿಗೆಂದು ಹಿತ್ತಲಿಗೆ ಹೋದ ಗಿರಿಜಾ ಅಲ್ಲಿ ಗಿಡಗಳಿಗೆ ನೀರು ಹಾಕುತ್ತ ನಿಂತಿದ್ದಳು. ಓಡಿ ಬಂದು ರೊಟ್ಟಿಯ ಬುಟ್ಟಿ ಎತ್ತಿ ಬಾಗಿಲಿಗೆ ಧಾವಿಸಿದಳು. ಕಾಲು ಡಬ್ಬಿಗೆ ತಾಗಿತು. ನಿಂತಳು, ಎತ್ತಿಕೊಂಡಳು, ಹೋದಳು.

ಕ್ಲೀನರ್ ಹುಡುಗನ ದನಿ ಬಾಗಿಲವರೆಗೂ ಕೇಳಿಸಿತು: "ಅಕ್ಕಾರ, ಇವತ್ತು ಪಲ್ಯಾನೂ ಡ್ಯೂಟಿಗೆ ಬಂದೈತೇನ್ರಿ?"

"ಬಂದೈತಿ. ನಿನಗಿಂತ ಮೊದ್ಲ."

ಬಂದಾಗಲೆಲ್ಲ ಕನ್ನಡಕ ಮರೆತು ಹೋಗುವುದು ಅಕ್ಕನ ರೂಢಿ. ಅದನ್ನು ಕಂಪ್ಲಿಗೆ ಮುಟ್ಟಿಸುವುದು ನನ್ನ ರೂಢಿ. ಸಂಜೆ ಚೀಲ ಕಟ್ಟುವಾಗ ಕನ್ನಡಕದ ಡಬ್ಬಿಯನ್ನು ಹೊಸ್ತಿಲ ಬಳಿ ಇಟ್ಟಳು. ಮೇಲಲ್ಲ, ಪಕ್ಕಕ್ಕೆ. ಹೊರಡುವಾಗ ತಾನೇ ಬಗ್ಗಿ ಎತ್ತಿಕೊಂಡಳು.

ಅವಳನ್ನು ಬಸ್ಸು ಹತ್ತಿಸಿ ಬಂದೆ. ಹೊಸ್ತಿಲು ಖಾಲಿಯಿತ್ತು. ಗಿರಿಜಾ ದೀಪಕ್ಕೆ ಎಣ್ಣೆ ಹಾಕುವಷ್ಟರಲ್ಲಿ ನೀರು ಸುರಿದು ಕೆಂಪು ಧೂಳನ್ನು ತೊಳೆದೆ, ಒಂದು ಹೂವಿಟ್ಟೆ.