ಹಿತ್ತಾಳೆ ಮೊಳೆಯ ಕಾವಲು
ಭೂಮಿ ಸರಿಯುವುದನ್ನು ಅಳೆಯಲು ಜಿಪಿಎಸ್ ಹೊತ್ತು ನಂಜನಗೂಡು ತಾಲ್ಲೂಕು ಸುತ್ತಿದ ದಿನಗಳು ನೆನಪಾದಾಗಲೆಲ್ಲ ದೇವನೂರಿನ ಪುಟ್ಟಬಸವಯ್ಯನವರು ಕಣ್ಣಿಗೆ ಕಟ್ಟುತ್ತಾರೆ. ಸರ್ವೆಯವರ ಸರಪಳಿ ಹಿಡಿದೇ ನಿವೃತ್ತರಾಗಿದ್ದ ಅವರನ್ನು, ಊರಾಚೆಯ ಬಂಡೆಯಲ್ಲಿ ಅಳತೆಯ ಗುರುತಿಗೆಂದು ನಾವು ಕೂರಿಸಿದ್ದ ಹಿತ್ತಾಳೆ ಮೊಳೆಗೆ ಕಾವಲಿಟ್ಟಿದ್ದೆವು. ಜಮೀನಿನ ಗಡಿಗೆ ನೆಡುವ ಬಾಂದುಕಲ್ಲಿನ ಮರ್ಯಾದೆಯನ್ನೇ ಅದಕ್ಕೂ ಕೊಟ್ಟರು. ದನ ಬಂದರೆ ಗದರುತ್ತಿದ್ದರು, ಕಾಗೆ ಕೂತರೆ ಟವೆಲ್ ಬೀಸುತ್ತಿದ್ದರು, ಅದರ ಮೇಲೆ ಜಿಪಿಎಸ್ ಆಂಟೆನಾ ನಿಲ್ಲಿಸುವಾಗ ನನಗೂ ಚಪ್ಪಲಿ ಬಿಡಿಸುತ್ತಿದ್ದರು. "ನಾನ್ ನೆಟ್ಟ ಕಲ್ಲು ಇವತ್ಗೂ ಅಲ್ಲಾಡಿಲ್ಲ ಸಾ" ಎನ್ನುವುದು ದಿನಕ್ಕೆ ಹತ್ತು ಸಲ. ಬೆಳಿಗ್ಗೆ ಮೊಳೆಯಿಂದ ಹೊಂಗೆ ಮರದವರೆಗೆ ಹೆಜ್ಜೆ ಎಣಿಸಿ ಬಂದು, "ಎಂಬತ್ತೇ ಅದೆ" ಎಂದು ವರದಿ ಒಪ್ಪಿಸುತ್ತಿದ್ದರು. ಸುನಾಮಿ ಎಬ್ಬಿಸಿದ ಆ ದೊಡ್ಡ ಭೂಕಂಪದ ನಂತರ ಮತ್ತೆ ಅಳೆದಾಗ, ಮೊಳೆ ಅಕ್ಕಿಕಾಳಿನಷ್ಟು ಪೂರ್ವಕ್ಕೆ ಸರಿದಿತ್ತು. ಹೇಳಿದ್ದೇ ತಡ, ಅವರ ಮುಖ ಕಪ್ಪಿಟ್ಟಿತು. "ನನ್ ಕಾವಲಲ್ಲಿ ಯಾರೂ ಮುಟ್ಟಿಲ್ಲ ಸಾ, ನಂಜುಂಡೇಶ್ವರನ್ ಆಣೆ! ಎಂಬತ್ ಎಜ್ಜೆ ಎಂಬತ್ತೇ ಅದೆ!" "ಮೊಳೆ ಒಂದೇ ಅಲ್ಲ ಪುಟ್ಟಬಸವಯ್ಯನವರೇ, ಸುತ್ತಲಿನ ನೆಲವೆಲ್ಲ ಒಟ್ಟಿಗೇ ಸರಿದಿದೆ" ಎಂದೆ. ಅವರು ಮರದ ಕಡೆಗೆ ತಿರುಗಿದರು. "ಒಂಗೆ ಮರದ್ ಬುಡವೂ ಬಂದದಾ ಸಾ?" "ಬಂದಿದೆ." ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು. "ಅಂಗಾರೆ ಸರಿ ಬುಡಿ. ನನ್ನೆಂಡ್ರು ಚಲುವಮ್ಮನ್ನ ಮಣ್ ಮಾಡಿರದು ಅಲ್ಲೇಯ. ಒಬ್ಳೇ ಇಂದುಕ್ ಉಳ್ಕೊಂಡ್ಬುಟ್ಳೇನೋ ಅನ್ಕೊಂಡೆ."