ಕ್ಯಾಮೆರಾದಲ್ಲಿ ಉಳಿದ ದುಬೈ ಟೈಮ್

ಗ್ರಹಣ ಹಿಡಿದಿದ್ದಾಗ ಶ್ವೇತಾ ಅಂಗಳಕ್ಕೆ ಕಾಲಿಟ್ಟಿರಲಿಲ್ಲ. ಗ್ರಹಣ ಬಿಟ್ಟು, ತಲೆಗೆ ಸ್ನಾನ ಮಾಡಿ, ಆಮೇಲೆಯೇ ಅವಳು ಹೊರಗೆ ಬಂದದ್ದು. ಅದು ನನಗೆ ಗೊತ್ತಿತ್ತು — ಅವಳಷ್ಟೇ ಚೆನ್ನಾಗಿ ಗೊತ್ತಿತ್ತು. ಕರೆದವಳು ನಾನು, ಫೋಟೋ ತೆಗೆದವಳೂ ನಾನು. ಆ ಫೋಟೋದ ಮೂಲೆಯಲ್ಲಿ ಬಿದ್ದಿದ್ದ ಸಮಯ ತಪ್ಪು. ಅದು ಸರಿಯೆಂದು ನಾನು ಸುಳ್ಳು ಹೇಳಿದೆ.

ಶ್ವೇತಾ ನನ್ನ ತಂಗಿ ಕುಸುಮಳ ಸೊಸೆ. ನಾನು ಮದುವೆಯಾಗದವಳು. ಕಾನ್ವೆಂಟಿನಲ್ಲಿ ಓದಿ, ಅಂಥದ್ದೇ ಒಂದು ಶಾಲೆಯಲ್ಲಿ ಹೆಡ್‌ಮಿಸ್ಟ್ರೆಸ್ ಆಗಿ, ರಿಟೈರ್ ಆದ ಮೇಲೆ ಮೂಡುಬಿದಿರೆಯ ತಂಗಿಯ ಮನೆ ಸೇರಿಕೊಂಡೆ. ಪಂಕ್ಚುಯಾಲಿಟಿ ನನ್ನ ಒಡವೆ. ನಮ್ಮ ಶಾಲೆಯ ಪ್ಯೂನ್ ಗೋಡೆ ಗಡಿಯಾರವನ್ನು ನಂಬುತ್ತಿರಲಿಲ್ಲ. ನನ್ನ ಕೈಗಡಿಯಾರ ಕೇಳಿ ಬೆಲ್ ಬಾರಿಸುತ್ತಿದ್ದ. ಇದನ್ನು ಹೇಳಲೇಬೇಕು, ಏಕೆಂದರೆ ಮುಂದಿನದೆಲ್ಲ ಈ ಜಂಬದಿಂದಲೇ ಹುಟ್ಟಿದ್ದು.

ಕುಸುಮಳ ಮಗ ಪ್ರಸಾದ ದುಬೈಯಲ್ಲಿದ್ದ. ಆ ವರ್ಷ ರಜೆಯಲ್ಲಿ ಬಂದವನು ನನಗೊಂದು ಡಿಜಿಟಲ್ ಕ್ಯಾಮೆರಾ ತಂದುಕೊಟ್ಟ. ಹೊರಡುವ ದಿನ ಬ್ಯಾಗಿನ ಜಿಪ್ ಎಳೆಯುತ್ತಾ ಹೇಳಿದ, "ದೊಡ್ಡಮ್ಮ, ಅದರಲ್ಲಿ ಅಲ್ಲಿಯ ಟೈಮೇ ಉಂಟು. ಒಂದೂವರೆ ಗಂಟೆ ಹಿಂದೆ. ನಾನು ಸೆಟ್ ಮಾಡಿ ಕೊಡುವುದಾ?"

"ಹೋಗು ಮಾರಾಯ, ಇಡೀ ಶಾಲೆಗೆ ಟೈಮ್ ಕೊಟ್ಟವಳು ನಾನು," ಅಂದೆ.

ಅವನು ಹೋದ ಮೇಲೆ ಮೆನು ತೆರೆದೆ. ಬಾಣದ ಗುರುತುಗಳು, ಮಿನುಗುವ ಅಂಕೆಗಳು — ಒಂದನ್ನು ಒತ್ತಿದರೆ ಇನ್ನೊಂದು ಓಡುತ್ತಿತ್ತು. ಎರಡು ಸಲ ನೋಡಿ ಬಿಟ್ಟುಬಿಟ್ಟೆ. ಅವನು ಫೋನಿನಲ್ಲಿ ವಿಚಾರಿಸಿದಾಗ "ಆಗಲೇ ಆಯ್ತು" ಅಂದೆ. ಅದು ಮೊದಲನೆಯ ಸುಳ್ಳು. ಚಿಕ್ಕದು. ಚಿಕ್ಕದು ಅಂತಲೇ ಅಂದುಕೊಂಡಿದ್ದೆ.

ಕ್ರಿಸ್‌ಮಸ್ಸಿನ ಮರುದಿನ ಬೆಳಿಗ್ಗೆ ಸೂರ್ಯಗ್ರಹಣ. ಶ್ವೇತಾಳಿಗೆ ಆಗ ಮೂರನೆಯ ತಿಂಗಳು. ಕುಸುಮ ಅವಳನ್ನು ಒಳಕೋಣೆಯಲ್ಲಿ ಮಲಗಿಸಿ, ಕಿಟಕಿಗೆ ಕಂಬಳಿ ಹೊದೆಸಿ, ತಾನು ದೇವರ ಮುಂದೆ ಕೂತಿದ್ದಳು. ನಾನೊಬ್ಬಳೇ ಕ್ಯಾಮೆರಾ ಹಿಡಿದು ಅಂಗಳಕ್ಕಿಳಿದೆ. ಸೂರ್ಯನನ್ನು ನೋಡಬಾರದೆಂದು ಗೊತ್ತಿತ್ತು. ಹಾಗಾಗಿ ನೆಲ ನೋಡಿದೆ.

ಅಯ್ಯೋ, ಅದನ್ನು ನಾನು ಹೇಗೆ ಬರೆಯಲಿ... ನಮ್ಮ ನೆಲ್ಲಿ ಮರದಡಿಯ ಸಿಮೆಂಟಿನ ಮೇಲೆ, ದಿನಾ ಬೆಳಕಿನ ದುಂಡು ಚುಕ್ಕಿಗಳು ಬೀಳುವಲ್ಲಿ, ಆ ಹೊತ್ತು ಎಲ್ಲವೂ ಬಾಗಿದ್ದವು — ಬಳೆಯ ಚೂರುಗಳು! ಸಾವಿರಾರು! ಯಾರೋ ಆಕಾಶದಿಂದ ಒಂದು ಬುಟ್ಟಿ ಬಳೆ ಕೆಳಗೆ ಹಾಕಿ ಒಡೆದ ಹಾಗೆ. ಎಲೆಗಳ ಸಂದಿನಿಂದ ಇಳಿದ ಒಂದೊಂದು ಚೂರೂ ಒಂದೊಂದು ಸೂರ್ಯ. ಗಾಳಿ ಬಂದರೆ ಅವೆಲ್ಲ ಒಟ್ಟಿಗೆ ನಡುಗುತ್ತಿದ್ದವು. ಬಿಸಿಲು ಹಾಲು ಕಡಿಮೆಯಾದ ಚಹಾದ ಬಣ್ಣಕ್ಕೆ ತಿರುಗಿತ್ತು, ಕಾಗೆಗಳು ಸುಮ್ಮನಾಗಿದ್ದವು. ಕೈ ಚಾಚಿದೆ. ನನ್ನ ಮುದಿ ಅಂಗೈಯ ಮೇಲೂ ಮೂರು ಸೂರ್ಯರು. ಪಾಠದಲ್ಲಿ ಎಷ್ಟೋ ಸಲ ಬೋರ್ಡಿನ ಮೇಲೆ ಗ್ರಹಣ ಬರೆದವಳು ನಾನು — ಚಾಕ್‌ಪೀಸಿನಲ್ಲಿ, ವೃತ್ತ ಎಳೆದು. ಆ ದಿನ ಅಷ್ಟು ವಯಸ್ಸಿಗೆ ಮೈ ಜುಮ್ಮೆಂದು, ಅಂಗಳದಲ್ಲಿ ಚಪ್ಪಲಿ ಕಳಚಿ ನಿಂತೆ.

ನೆಲದ ಫೋಟೋಗಳನ್ನು ತೆಗೆದೆ.

ಗ್ರಹಣ ಬಿಟ್ಟು ಎಲ್ಲರ ಸ್ನಾನವಾದ ಮೇಲೆ ಶ್ವೇತಾಳನ್ನು ಕರೆದೆ: "ಬಾ ಮಗಾ, ನಿನ್ನದೊಂದು ಫೋಟೋ ತೆಗೆಯುವ." ಅವಳು ಒದ್ದೆ ಕೂದಲನ್ನು ಬೈರಾಸಿನಿಂದ ಒರೆಸುತ್ತಾ ಅದೇ ನೆಲ್ಲಿ ಮರದಡಿ ನಕ್ಕಳು. ಆಗ ನೆಲದ ಚುಕ್ಕಿಗಳು ಮತ್ತೆ ದುಂಡಾಗಿದ್ದವು.

ಪೇಟೆಯ ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಲು ಹೋದಾಗ ಅಲ್ಲಿಯವನು ಕೇಳಿದ, "ಇದೆಂತ ಮೇಡಂ, ನೆಲದ ಫೋಟೋ? ಯಾರು ನೋಡ್ತಾರೆ?" ಮನುಷ್ಯರಿದ್ದವನ್ನು ಮಾತ್ರ ಹಾಕಿಸಿದೆ. ಎಲ್ಲದರ ಮೂಲೆಯಲ್ಲೂ ಕಿತ್ತಳೆ ಬಣ್ಣದಲ್ಲಿ ದಿನ, ಸಮಯ. ಶ್ವೇತಾಳ ಫೋಟೋದಲ್ಲಿ ಹತ್ತು ಗಂಟೆ. ನಿಜವಾಗಿ ಆಗ ಹನ್ನೊಂದೂವರೆ. ನೋಡಿದೆ, ನಾಲಿಗೆ ಕಚ್ಚಿಕೊಂಡೆ, ಆಲ್ಬಮ್ಮಿಗೆ ಸೇರಿಸಿದೆ.

ಮಗು ಹುಟ್ಟಿತು. ಹೆಣ್ಣು. ಮೇಲ್ದುಟಿ ಸೀಳಿತ್ತು.

ನಮ್ಮ ಕಡೆ ಸೀಳುದುಟಿ ಎಂದರೆ ಗ್ರಹಣದ ದೋಷವೆಂದೇ ಮಾತು. ಬಂಟ್ವಾಳದ ಡಾಕ್ಟರು ತಾಳ್ಮೆಯಿಂದ ವಿವರಿಸಿದರು — ತುಟಿ ಕೂಡುವುದು ಬಸಿರಿನ ಮೊದಮೊದಲ ವಾರಗಳಲ್ಲಿ, ಆ ಗ್ರಹಣಕ್ಕೂ ಮುಂಚೆಯೇ ಆಗಿಹೋದ ಸಂಗತಿ ಇದು, ಆಪರೇಶನ್ ಮಾಡಿದರೆ ಸರಿಹೋಗ್ತದೆ. ಕುಸುಮ ತಲೆಯಾಡಿಸಿ ಮನೆಗೆ ಬಂದವಳೇ ಆಲ್ಬಮ್ ತೆಗೆದಳು.

"ಹತ್ತು ಗಂಟೆ! ನಟ್ಟ ನಡುವಿನ ಗ್ರಹಣ! ಒಳಗೆ ಮಲಗಿದ್ದೆ ಅಂದಳಲ್ಲ, ಇದು ಯಾರ ಪ್ರೇತ ಹಾಗಾದರೆ?"

"ಇಲ್ಲ ಅತ್ತೆ, ಸ್ನಾನ ಆದ ಮೇಲೆಯೇ ಹೋದದ್ದು. ಕೂದಲು ನೋಡಿ, ಒದ್ದೆ ಉಂಟು," ಶ್ವೇತಾ ಅತ್ತಳು.

"ಬೆಳಿಗ್ಗೆ ಎದ್ದ ಕೂಡಲೇ ಮಿಂದರೂ ಕೂದಲು ಒದ್ದೆಯೇ."

ಆ ಸಂಜೆ ಪ್ರಸಾದ ದುಬೈಯಿಂದ ಫೋನ್ ಮಾಡಿದ. ಹೆಂಡತಿಯನ್ನು ನಂಬಬೇಕೆಂದು ಅವನಿಗೆ ಎಷ್ಟು ಆಸೆಯಿತ್ತೆಂಬುದು ಆ ದನಿಯಲ್ಲೇ ಇತ್ತು. "ದೊಡ್ಡಮ್ಮ, ಒಂದೇ ಕೇಳ್ತೇನೆ. ಕ್ಯಾಮೆರಾದ ಟೈಮ್ ನೀವು ಸರಿ ಮಾಡಿದ್ದೀರಲ್ಲಾ?"

ಕುಸುಮ ಪಕ್ಕದಲ್ಲೇ ನಿಂತಿದ್ದಳು. ಬಾಗಿಲಲ್ಲಿ ಶ್ವೇತಾ, ಮಗುವನ್ನು ಎದೆಗೊತ್ತಿಕೊಂಡು.

"ಮಾಡಿದ್ದೇನೆ. ಟೈಮ್ ಕರೆಕ್ಟಾಗಿಯೇ ಉಂಟು."

ಇಷ್ಟೇ. ಒಂದು ಬಟನ್ ಒತ್ತಲು ಬರಲಿಲ್ಲವೆಂದು ತಂಗಿಯ ಎದುರು ಹೇಳಲು ನಾಚಿಕೆಯಾಯಿತು — ಅದಕ್ಕೆ. ಬೇರೆ ಯಾವ ದೊಡ್ಡ ಕಾರಣವೂ ಇಲ್ಲ. ಹುಡುಕಿದ್ದೇನೆ, ಸಿಗಲಿಲ್ಲ.

ಮತ್ತೆ ನಾಚಿಕೆಗೆಟ್ಟು ಏನು ಮಾಡಿದೆ ಗೊತ್ತೇ? ಭಾಷಣ. ಗ್ರಹಣವೆಂದರೆ ನೆರಳು, ನೆರಳಿಗೆ ತುಟಿ ಸೀಳುವ ಶಕ್ತಿಯಿಲ್ಲ, ಹೊರಗೆ ಹೋದರೇನಂತೆ ಎಂದು ಕುಸುಮಳಿಗೆ ಸಯನ್ಸ್ ಹೇಳಿದೆ. "ನಿನ್ನ ಸಯನ್ಸ್ ನಿನ್ನ ಹತ್ತಿರವೇ ಇರಲಿ ಅಕ್ಕ, ಮಕ್ಕಳನ್ನು ಹೆತ್ತವಳಾ ನೀನು?" ಅಂದಳು. ನನಗೆ ನೋವಾಯಿತು, ಆ ನೋವಿನಲ್ಲಿ ನಾನೇ ಹುತಾತ್ಮಳೆಂಬಂತೆ ಕೂತೆ. ಹೇಳಿದ ಸಯನ್ಸ್ ಎಲ್ಲ ಸರಿಯೇ. ಆದರೆ ಆ ಹುಡುಗಿಗೆ ಬೇಕಿದ್ದದ್ದು ಒಂದು ವಾಕ್ಯ — ಗಡಿಯಾರ ತಪ್ಪು, ಅವಳು ಹೇಳಿದ್ದು ನಿಜ. ಅದನ್ನು ಬಿಟ್ಟು ಬೇರೆಲ್ಲ ಹೇಳಿದೆ.

ಕಕ್ಕಿಂಜೆಯ ತವರಿಗೆ ಹೊರಡುವ ಮುನ್ನ ಶ್ವೇತಾ ನನ್ನ ಕೋಣೆಗೆ ಬಂದಳು. ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

"ನನಗೇ ಮರೆತುಹೋಗಿರಬೇಕು ದೊಡ್ಡಮ್ಮ. ಸ್ನಾನ ಆದದ್ದು ನೆನಪುಂಟು, ಗಂಟೆ ಎಷ್ಟಾಯ್ತು ಅಂತ ಕೇಳಿದ್ದೂ ನೆನಪುಂಟು... ಆದರೆ ಕ್ಯಾಮೆರಾ ಯಾಕೆ ಸುಳ್ಳು ಹೇಳ್ತದೆ?"

ತನ್ನ ನೆನಪನ್ನೇ ಅವಳು ಬಿಟ್ಟುಕೊಟ್ಟಳು. ನಾನು ಸುಮ್ಮನೆ ಇಸಿದುಕೊಂಡೆ.

ಆಪರೇಶನ್ ಆಯಿತು. ಪ್ರಸಾದ ಊರಿಗೆ ಬಂದು ಬೆಳ್ತಂಗಡಿಯಲ್ಲಿ ಅಂಗಡಿ ಹಾಕಿದ. ಮೂವರೂ ಈಗ ಅಲ್ಲಿದ್ದಾರೆ. ಚೆನ್ನಾಗಿಯೇ ಇದ್ದಾರೆ — ಎಂದು ಬರೆದು ಮುಗಿಸಬಹುದು. ಆದರೆ ಶ್ವೇತಾ ಇವತ್ತಿಗೂ ಯಾವುದನ್ನೂ ಖಡಾಖಂಡಿತ ಹೇಳುವುದಿಲ್ಲ. ಗ್ಯಾಸ್ ಆಫ್ ಮಾಡಿದೆನಾ ಎಂದು ಅರ್ಧ ದಾರಿಯಿಂದ ಹಿಂದೆ ಹೋಗುತ್ತಾಳೆ. "ಹಾಗೆ ನೆನಪು, ಸರಿಯಾ ಗೊತ್ತಿಲ್ಲ," ಅನ್ನುತ್ತಾಳೆ. ಯಾರಾದರೂ ಫೋಟೋಕ್ಕೆ ಕರೆದರೆ ಮಗಳನ್ನು ಮುಂದೆ ತಳ್ಳಿ ತಾನು ಪಕ್ಕಕ್ಕೆ ಸರಿಯುತ್ತಾಳೆ.

ಬಳೆ ಚೂರುಗಳ ಆ ಚಿತ್ರಗಳನ್ನು ಅಂದಿನಿಂದ ಯಾರಿಗೂ ತೋರಿಸಲಿಲ್ಲ. ಅವೇ ಸಾಕ್ಷಿ. ಗ್ರಹಣ ತುಂಬ ಹಿಡಿದಾಗ ಮಾತ್ರ ಬೀಳುವ ಬೆಳಕು ಅದು, ಸುಮಾರು ಒಂಬತ್ತೂವರೆಯದು. ಅವುಗಳ ಮೂಲೆಯಲ್ಲಿ ಎಂಟು ಗಂಟೆಯೂ ಆಗಿಲ್ಲ — ಗ್ರಹಣ ಇನ್ನೂ ಶುರುವೇ ಆಗದ ಹೊತ್ತು. ಯಾರು ನೋಡಿದರೂ ಗಡಿಯಾರ ಹಿಂದಿದೆಯೆಂದು ತಿಳಿದುಬಿಡುತ್ತದೆ. ಸೂರ್ಯನೇ ನೆಲದ ಮೇಲೆ ಸರಿಯಾದ ಹೊತ್ತನ್ನು ಇಳಿಸಿಟ್ಟಿದ್ದ. ನನ್ನ ಜೀವನದಲ್ಲಿ ಕಂಡ ಅತಿ ಚೆಂದದ್ದನ್ನು ನಾನು ಬಟ್ಟೆಗಳ ಅಡಿ ಬಚ್ಚಿಟ್ಟೆ.

ಆದರೆ ಕ್ಯಾಮೆರಾದ ಬ್ಯಾಟರಿ ಸಾಯಲು ಬಿಡಲಿಲ್ಲ. ಬಹಳ ಕಾಲ ಚಾರ್ಜ್ ಇಲ್ಲದಿದ್ದರೆ ಒಳಗಿನ ಗಡಿಯಾರದ ದಿನ, ಸಮಯ ಅಳಿಸಿಹೋಗುತ್ತದೆಂದು ಅದರ ಜೊತೆ ಬಂದ ಪುಸ್ತಕದಲ್ಲಿತ್ತು. ತಿಂಗಳು ತಿಂಗಳು ಬಾಗಿಲು ಹಾಕಿಕೊಂಡು ಚಾರ್ಜಿಗಿಟ್ಟೆ. ಹೇಳುವ ಧೈರ್ಯವಿಲ್ಲ, ಅಳಿಸುವ ಧೈರ್ಯವೂ ಇಲ್ಲ... ಹುಡುಗಿಯಾಗಿದ್ದಾಗ ಕಾನ್ವೆಂಟಿನ ಚಾಪೆಲ್ಲಿನ ಹೊರಗೆ, ಕನ್ಫೆಶನ್ನಿಗೆ ಹೋದ ಗೆಳತಿಯರಿಗಾಗಿ ಕಾಯುತ್ತಿದ್ದೆ. ಅವರು ಹಗುರ ಮುಖ ಹೊತ್ತು ಬರುತ್ತಿದ್ದರು. ನಮಗೆ ಹಿಂದೂ ಹುಡುಗಿಯರಿಗೆ ಆ ಪೆಟ್ಟಿಗೆ ಇರಲಿಲ್ಲ. ನನ್ನ ಪೆಟ್ಟಿಗೆ ಈ ಕ್ಯಾಮೆರಾ ಆಯಿತು; ಒಳಗೆ ಹೋದೆ, ಹೊರಗೆ ಬರಲಿಲ್ಲ.

ಕಳೆದ ಭಾನುವಾರ ಅವರೆಲ್ಲ ಬಂದಿದ್ದರು. ಶ್ವೇತಾಳ ಮಗಳು ಮಾನ್ವಿ, ಈಗ ಶಾಲೆಗೆ ಹೋಗುವವಳು, ನನ್ನ ಕಪಾಟು ಕೆದಕಿ ಕ್ಯಾಮೆರಾ ಹಿಡಿದು ನಿಂತಿದ್ದಳು. "ದೊಡ್ಡಜ್ಜಿ! ಇದೆಂತದು? ನೆಲಕ್ಕೆ ಬಳೆ ಯಾರು ಚೆಲ್ಲಿದ್ದು?" ತುಟಿಯ ಮೇಲಿನ ಸಣ್ಣ ಗೆರೆ ಬೆರಗಿನಲ್ಲಿ ಬಿಗಿದಿತ್ತು. ಅಂದು ಅಂಗಳದಲ್ಲಿ ನನ್ನ ಮುಖ ಹೀಗೇ ಇದ್ದಿರಬೇಕು. ನಾನೇನು ಮಾಡಿದೆ? ಕಸಿದುಕೊಂಡೆ. ಹೊಡೆದ ಹಾಗೆ ಕಸಿದುಕೊಂಡೆ.

ಶ್ವೇತಾ ಬಾಗಿಲಿಂದ ಮೆಲ್ಲಗೆ ಹೇಳಿದಳು, "ಬಾ ಮಗಾ, ಅದು ಬೇಡ. ಕ್ಯಾಮೆರಾ ನಮಗೆ ಆಗಿಬರುವುದಿಲ್ಲ."

ಈ ಭಾನುವಾರ ಬೆಳ್ತಂಗಡಿಗೆ ಹೋಗುತ್ತೇನೆ. ಕುಸುಮಳನ್ನೂ ಕರೆದುಕೊಂಡು ಹೋಗುತ್ತೇನೆ. ಅವಳು ಅಲ್ಲಿಲ್ಲದಿದ್ದರೆ ಹೇಳಿ ಪ್ರಯೋಜನವಿಲ್ಲ. ನೆಲದ ಚಿತ್ರವನ್ನೂ ಈಗ ಪ್ರಿಂಟ್ ಹಾಕಿಸಿದ್ದೇನೆ. ಅದನ್ನು ಶ್ವೇತಾಳ ಒದ್ದೆ ಕೂದಲಿನ ಫೋಟೋದ ಪಕ್ಕದಲ್ಲಿಟ್ಟು, ಟೈಮ್ ನಾನು ಸೆಟ್ ಮಾಡಿರಲಿಲ್ಲ, ಸುಳ್ಳು ಹೇಳಿದೆ, ನಿನ್ನ ನೆನಪು ಸರಿಯಾಗಿತ್ತು ಎನ್ನುತ್ತೇನೆ. ಅಲ್ಲಿಗೆ ನಿಲ್ಲಿಸುತ್ತೇನೆ. ಸಯನ್ಸ್ ಹೇಳುವುದಿಲ್ಲ. ಕ್ಷಮಿಸು ಎಂದು ಕೇಳಿ ಅವಳ ಮೇಲೆ ಇನ್ನೊಂದು ಭಾರ ಹಾಕುವುದಿಲ್ಲ.

ಇವತ್ತು ಬೆಳಿಗ್ಗೆ ಕನ್ನಡಕ ಹಾಕಿಕೊಂಡು ಆ ಮೆನು ಮತ್ತೆ ತೆರೆದೆ. ಎಷ್ಟು ಸುಲಭ! ಬಾಣ ಮೇಲೆ, ಬಾಣ ಕೆಳಗೆ, ಅಷ್ಟೇ. ಬೆರಳು ಬಟನ್ ಮೇಲೆಯೇ ಇತ್ತು. ಒತ್ತಲಿಲ್ಲ. ಕ್ಯಾಮೆರಾ ಹಾಗೆಯೇ, ಒಂದೂವರೆ ಗಂಟೆ ಹಿಂದೆಯೇ, ಅವಳ ಕೈಗೆ ಹೋಗಲಿ. ಅವಳ ಮನೆಯ ಗೋಡೆ ಗಡಿಯಾರದ ಪಕ್ಕ ಹಿಡಿದು ಅವಳೇ ನೋಡಲಿ. ಸರಿ ಮಾಡುವುದಿದ್ದರೆ ಅವಳೇ ಮಾಡಲಿ.