ಗಾಳಿ ಇಳಿಸುವುದನ್ನು ಕಲಿಸಿದ ಮೇಸ್ತ್ರಿ

ಮೇಸ್ತ್ರಿಯ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಹಿಂದೆಂದೋ ಜಾಕಿ ಜಾರಿ ಬೆರಳು ಚಪ್ಪಟೆಯಾಗಿ ಸೌಟಿನ ಹಾಗೆ ಅಗಲವಾಗಿತ್ತು. ಆ ಬೆರಳಿನಿಂದ ಟೈರಿನ ಪಕ್ಕೆಯನ್ನು ಒತ್ತಿ, ಗಾಳಿ ಎಷ್ಟಿದೆ ಎಂದು ಹೇಳುತ್ತಿದ್ದರು. ನಾನು ನಂಬದೆ ಮೀಟರ್ ಇಟ್ಟು ನೋಡಿದರೆ ಅಷ್ಟೇ ಇರುತ್ತಿತ್ತು. “ಪರ್ವಾಗಿಲ್ಲ, ನಿನ್ ಮೀಟ್ರು ಸರಿಯಾಗೈತೆ,” ಎಂದು ನನ್ನನ್ನೇ ಛೇಡಿಸುತ್ತಿದ್ದರು.

ಜಡಿಗೇನಹಳ್ಳಿಗೆ ಹೋಗುವ ರಸ್ತೆಯಲ್ಲಿ ಅವರದೊಂದು ತಗಡಿನ ಶೆಡ್ಡು. ಬೋರ್ಡು ಗೀರ್ಡು ಏನೂ ಇಲ್ಲ. ಪ್ರಾಯದಲ್ಲಿ ಕಲ್ಲುಕ್ವಾರಿಯ ಜೀಪು ಓಡಿಸಿದವರು. ಮೊಣಕಾಲುದ್ದದ ಪುಡಿಮಣ್ಣಿನಲ್ಲಿ ಡೀಸೆಲ್ ಡ್ರಮ್ಮು ಸಾಗಿಸುತ್ತಾ ಕಲಿತ ವಿದ್ಯೆ. ನಾನು ಬೂದಿಗೆರೆ ಕಡೆಯ ಒಕ್ಕಲುಮಗ. ಯಾರೋ ಓಡಿಸಿ ಬಿಟ್ಟ ಪುಟ್ಟ ಫೋರ್‌ವೀಲ್ ಜೀಪೊಂದನ್ನು ಕೊಂಡು, ಭಾನುವಾರಗಳಲ್ಲಿ ಒಣಗಿದ ಕೆರೆಯಂಗಳದಲ್ಲಿ ಗಾಡಿ ಓಡಿಸುವವರ ಕ್ಲಬ್ಬಿಗೆ ಸೇರಿದ್ದೆ. ಅಲ್ಲಿದ್ದವರೆಲ್ಲ ಲೇಔಟು ಮಾಡಿದವರು, ದೊಡ್ಡ ದೊಡ್ಡ ಗಾಡಿಯವರು. ಅವರ ನಡುವೆ ನಾನೂ ಒಬ್ಬ ಅನ್ನಿಸಿಕೊಳ್ಳುವ ಚಪಲ ನನಗೆ. ಜೀಪಿಗೆ ಕಬ್ಬಿಣದ ಬಂಪರು, ತಲೆಯ ಮೇಲೆ ಕ್ಯಾರಿಯರು, ಅದರ ಮೇಲೆ ಆರು ಲೈಟು ಕಟ್ಟಿಸಿ ಮೇಸ್ತ್ರಿಯ ಮುಂದೆ ತಂದು ನಿಲ್ಲಿಸಿದೆ.

“ಏನಪ್ಪಾ, ಮದ್ವೆ ದಿಬ್ಬಣನಾ?” ಎಂದರು. “ಬಿಚ್ಚು ಎಲ್ಲಾನೂವೆ. ಪುಡಿಮಣ್ಣಿಗಿಳಿಯೋ ಗಾಡಿ ಮೈ ಹಗುರ ಇರ್ಬೇಕು ಕಣೋ.”

ಬಂಪರು, ಕ್ಯಾರಿಯರು, ಹಿಂದಿನ ಸೀಟು ಎಲ್ಲವೂ ಕೆಳಗಿಳಿದವು. ಅಗಲದ ಟೈರು ಬಂತು. ಹೂತರೆ ಎಳೆಯಲೆಂದು ಹಿಂದೆ ಮುಂದೆ ಕೊಕ್ಕೆ ಬೆಸೆದರು. ಕೊನೆಗೆ ಕಾಲಲ್ಲಿ ತುಳಿಯುವ ಗಾಳಿ ಪಂಪೊಂದನ್ನು ತಂದು ನನ್ನ ಸೀಟಿನ ಹಿಂದೆ ನೀಲಿ ಹಗ್ಗದಲ್ಲಿ ಬಿಗಿದು ಕಟ್ಟಿದರು.

“ಕೆರೆಗಿಳಿಯೋ ಮುಂಚೆ ಅರ್ಧ ಗಾಳಿ ಇಳ್ಸು. ಟೈರು ಅಗ್ಲ ಆಗಿ ಮಣ್ಮೇಲೆ ನಿಲ್ತದೆ, ಹೂತೋಗಲ್ಲ. ಆದ್ರೆ ವಾಪಸ್ ಟಾರ್ ರೋಡ್ ಹತ್ತೋ ಮುಂಚೆ ತುಂಬ್ಲೇಬೇಕು. ಹಂಗೇ ಹತ್ತಿದ್ಯೋ, ತಿರುವಲ್ಲಿ ಟೈರು ರಿಮ್ ಬಿಟ್ಟು ಆಚೆ ಬತ್ತದೆ. ಮರೀಬೇಡ ಲೇ.”

ಮೂರು ಸಲ ಹೇಳಿದರು. ಮೂರು ಸಲವೂ ಹೂಂ ಅಂದೆ.

ಆ ಭಾನುವಾರ ದೊಡ್ಡ ಗಾಡಿಗಳೆಲ್ಲ ಕೆರೆಯ ನಡುವೆ ಹೊಟ್ಟೆ ಮಟ್ಟ ಹೂತು ಕೂತವು. ಅರ್ಧ ಗಾಳಿ ಇಳಿಸಿದ್ದ ನನ್ನ ಪುಟ್ಟ ಜೀಪು ಮಾತ್ರ ಈ ದಡದಿಂದ ಆ ದಡಕ್ಕೆ ಸಲೀಸಾಗಿ ದಾಟಿತು. ಎಲ್ಲರೂ ಶಿಳ್ಳೆ ಹೊಡೆದರು. ಕ್ಲಬ್ಬಿನ ಅಧ್ಯಕ್ಷರು ತಮ್ಮ ಗಾಡಿಯನ್ನು ಅಲ್ಲೇ ಬಿಟ್ಟು ಬಂದು ನನ್ನ ಪಕ್ಕದಲ್ಲಿ ಕೂತರು. “ಸೂಪರ್ ಗುರು! ನಡಿ ಊಟಕ್ಕೆ, ನಿನ್ ಗಾಡೀಲೇ ಬರ್ತೀನಿ.”

ಟಾರ್ ರಸ್ತೆ ಎದುರಿಗೇ ಇತ್ತು. ಮರೆತೆ ಎಂದರೆ ಶುದ್ಧ ಸುಳ್ಳು, ಚೆನ್ನಾಗಿ ನೆನಪಿತ್ತು. ಆದರೆ ಅಂಥ ಮನುಷ್ಯನನ್ನು ಕಾಯಿಸಿ, ಧೂಳಿನಲ್ಲಿ ಇಳಿದು, ಒಂದೊಂದೇ ಚಕ್ರಕ್ಕೆ ದಬದಬ ಪಂಪು ತುಳಿಯಲು ನನಗೆ ನಾಚಿಕೆಯಾಯಿತು. ಹಾಗೇ ರಸ್ತೆ ಹತ್ತಿಸಿದೆ. ಎರಡನೇ ತಿರುವಿನಲ್ಲಿ ಮುಂದಿನ ಟೈರು ಕಳಚಿ, ಜೀಪು ಚರಂಡಿಗೆ ಮಗುಚಿತು. ನನಗೆ ತರಚು ಗಾಯ, ಅಧ್ಯಕ್ಷರ ತೋಳು ಮುರಿಯಿತು.

ಮಾರನೆಯ ದಿನ ಜೀಪನ್ನು ಶೆಡ್ಡಿಗೆ ಎಳೆಸಿಕೊಂಡು ಹೋದೆ. ಮೇಸ್ತ್ರಿ ಮೊದಲು ನನ್ನ ಮೈಕೈ ಮುಟ್ಟಿ ನೋಡಿದರು. ಆಮೇಲೆ ಟೈರು ನೋಡಿದರು. ಆಮೇಲೆ ಸೀಟಿನ ಹಿಂದೆ ಬಗ್ಗಿದರು. ಪಂಪಿನ ಮೇಲೆ ಅವರು ಹಾಕಿದ್ದ ಗಂಟು ಹಾಗೇ ಇತ್ತು. ಅಷ್ಟರಲ್ಲಿ ಅಧ್ಯಕ್ಷರು ಕೈಗೆ ಪಟ್ಟಿ ಹಾಕಿಕೊಂಡು, ನಾಲ್ಕು ಜನರ ಜೊತೆ ಬಂದಿಳಿದರು.

“ಏನ್ರೀ ಟೈರ್ ಹಾಕಿದೀರ? ಕೊಂದ್ಬಿಡ್ತಿದ್ರಲ್ರೀ ನನ್ನ!”

“ಗಾಡಿ ಓಡ್ಸಿದೋನು ಇಲ್ಲೇ ಅವ್ನೆ,” ಎಂದರು ಮೇಸ್ತ್ರಿ. “ಅವ್ನೇ ಹೇಳ್ಲಿ.”

ಹೇಳಿ, ನನ್ನ ಮುಖವನ್ನೇ ನೋಡುತ್ತಾ ಕಾದರು.

“ನಂಗೇನ್ ಗೊತ್ತು ಮೇಸ್ತ್ರಿ? ನಾನೇನ್ ಮೆಕ್ಯಾನಿಕ್ಕಾ?” ಎಂದೆ. “ಗಾಡಿ ರೆಡಿ ಮಾಡ್ದೋರು ನೀವು.”

ಥೂ, ನನ್ನ ಜನ್ಮಕ್ಕಿಷ್ಟು! ಉಂಡ ಮನೆಯ ಜಂತೆ ಎಣಿಸುವುದು ಎಂದರೆ ಇದೇ. ಅವರು ಪಂಪಿನ ಕಡೆ ಬೆರಳು ತೋರಿಸಿದ್ದರೆ ಸಾಕಿತ್ತು, ನನ್ನ ಬಂಡವಾಳ ಬಯಲಾಗುತ್ತಿತ್ತು. ತೋರಿಸಲಿಲ್ಲ. “ಗಾಡಿ ತಗೊಂಡೋಗಿ ಸಾರ್,” ಎಂದು ನನಗೆ ಹೇಳಿ ಒಳಗೆ ಹೋದರು. ನಾನು ಅವರ ಬಾಯಲ್ಲಿ ಸಾರ್ ಆದದ್ದು ಅದೇ ಮೊದಲು.

ಅಂದು ಸಂಜೆಯೇ ಕ್ಲಬ್ಬಿನವರ ಮೊಬೈಲುಗಳಲ್ಲಿ ಸುದ್ದಿ ಹರಿದಾಡಿತು: ಆ ಶೆಡ್ಡಿಗೆ ಗಾಡಿ ಬಿಡಬೇಡಿ, ಜೀವಕ್ಕೆ ಅಪಾಯ. ಜೀಪಿನವರು ಬರುವುದು ನಿಂತಿತು, ನೋಡನೋಡುತ್ತಾ ಟ್ರ್ಯಾಕ್ಟರಿನವರದೂ ನಿಂತಿತು. ಇಡೀ ಹೋಬಳಿಗೆ ಜೀಪು ಕಟ್ಟಿಕೊಟ್ಟ ಮನುಷ್ಯ ಸೈಕಲ್ಲಿಗೆ ಪಂಕ್ಚರ್ ಹಾಕುತ್ತಾ ಕೂತರು. ತಪ್ಪು ನನ್ನದು ಎಂಬ ಒಂದು ಸಾಲನ್ನು ನಾನೂ ಒಮ್ಮೆ ಮೊಬೈಲಿನಲ್ಲಿ ಬರೆದೆ. ಕಳಿಸದೆ ಅಳಿಸಿದೆ. ಕ್ಲಬ್ಬಿಗೆ ಮಾತ್ರ ತಪ್ಪದೆ ಹೋಗುತ್ತಿದ್ದೆ.

ಹೋದ ವರ್ಷ ಮೇಸ್ತ್ರಿ ಎದೆನೋವು ಬಂದು ತೀರಿಕೊಂಡರು. ತಿಥಿಯ ದಿನ ಅವರ ಮನೆಗೆ ಹೋದೆ. ಶಾಮಿಯಾನದ ಕೆಳಗೆ ನೆಂಟರು ಊಟ ಮುಗಿಸಿ ಕೂತಿದ್ದರು. ಜೀಪಿನವನು ಬಂದಿದ್ದಾನೆ ಎಂದು ಯಾರೋ ಹೇಳಿದ್ದಕ್ಕೆ ಅವರ ಹೆಂಡತಿ ಎದ್ದು ಬಂದರು. ಆಕೆಗೆ ಅವರು ನಿಜ ಹೇಳಿರಲಿಲ್ಲವೆಂದು ನನಗೆ ಗೊತ್ತಾದದ್ದು ಆಗಲೇ.

“ನಮ್ಮೋರು ಮಾಡಿದ್ ತಪ್ಪಿಗೆ ನಿಮ್ ಪ್ರಾಣಕ್ಕೇ ಸಂಚಕಾರ ಬಂದಿತ್ತಂತೆ,” ಎಂದು ಎರಡೂ ಕೈ ಮುಗಿದರು. “ಅವ್ರೀಗ ಇಲ್ಲ. ಮನ್ಸಲ್ಲಿ ಇಟ್ಕೋಬೇಡಿ ಸ್ವಾಮಿ, ಹೊಟ್ಟೆಗೆ ಹಾಕ್ಕೊಳ್ಳಿ.”

ಹೇಳಿಯೇಬಿಡಬೇಕೆಂದು ಬಾಯಿ ತೆರೆದೆ. ನೆಂಟರೆಲ್ಲ ಮಾತು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು.

“ಪರ್ವಾಗಿಲ್ಲ ಬಿಡಿ ಅಮ್ಮಾ,” ಎಂದೆ.